ಇಪ್ಪತ್ತೈದು ಡಿಗ್ರಿ ಸಮುದ್ರ

ಪುಟ್ಟಗೌರಮ್ಮನ ಮನೆಗೂ ಊರಿನ ಹಾಲಿನ ಡೈರಿಗೂ ನಡುವೆ ಇದ್ದದ್ದು ಒಂದೇ ಒಂದು ಓಣಿ. ಕೆಚ್ಚಲಿನಿಂದ ಇಳಿದ ಹಾಲು ನೊರೆ ಆರುವ ಮೊದಲೇ ಡೈರಿ ಸೇರುತ್ತಿತ್ತು. ಊರಿಗೆಲ್ಲ ಮೊದಲ ಹಾಲು ತನ್ನದೇ ಎಂಬ ಜಂಬವೂ ಆಕೆಗೆ ಒಂದಿಷ್ಟಿತ್ತು. ಆ ಜಂಬಕ್ಕೆ ಕಲ್ಲು ಹಾಕಿದವನು ಹೊಸ ಸೆಕ್ರೆಟರಿ ಬೈರೇಶ. ಹಾಲು ತೆಳುವಾದಷ್ಟೂ ಆಳಕ್ಕೆ ಮುಳುಗುವ ಅವನ ಗಾಜಿನ ಕಡ್ಡಿ, ಲ್ಯಾಕ್ಟೋಮೀಟರು, ಊರವರ ಹಾಲಿನಲ್ಲೆಲ್ಲ ಇಪ್ಪತ್ತೆಂಟು ಡಿಗ್ರಿ ತೋರಿಸಿದರೆ, ಈಕೆಯ ಹಾಲಿನಲ್ಲಿ ಮಾತ್ರ ಇಪ್ಪತ್ತನಾಲ್ಕಕ್ಕೆ ಮುಳುಗಿ ಕೂರುತ್ತಿತ್ತು. ಇಪ್ಪತ್ತಾರಕ್ಕಿಂತ ಕೆಳಗಿಳಿದರೆ ಅದು ನೀರು ಬೆರೆಸಿದ ಹಾಲು.

ಮೂರೇ ತಿಂಗಳಲ್ಲಿ ಊರು ಆಕೆಗೆ ‘ಬೋರ್‌ವೆಲ್ ಗೌರಮ್ಮ’ ಎಂದು ಹೆಸರಿಟ್ಟಿತು. ಇನ್ನೊಮ್ಮೆ ಡಿಗ್ರಿ ಇಳಿದರೆ ಹಾಲಿನ ಕಾರ್ಡೇ ರದ್ದು ಎಂದು ಬೈರೇಶ ಹೇಳಿಯೂ ಆಗಿತ್ತು. ತೊಟ್ಟು ನೀರು ಬೆರೆಸದ ಹೆಂಗಸು ಹಸುವಿನ ಮಗ್ಗುಲಲ್ಲಿ ಕೂತು ಅಳುತ್ತಿದ್ದಳು. ಅತ್ತು ಸಾಕಾದ ಮೇಲೆ ಬೈರೇಶನ ವಂಶವನ್ನೆಲ್ಲ ಬೈಯುತ್ತಿದ್ದಳು.

ಇಂಥ ಹೊತ್ತಿನಲ್ಲಿ ಮನೆಗೆ ಸಮುದ್ರ ಬಂತು. ಮಗ ಚಿಕ್ಕರಾಜು ಬಿಡದಿಯ ಕಾರ್ಖಾನೆಯೊಂದರ ವಿದೇಶಿ ಸಾಹೇಬರಿಗೆ ಡ್ರೈವರು. ಸಾಹೇಬರು ತಿಂಗಳ ರಜೆಗೆ ತಮ್ಮ ದೇಶಕ್ಕೆ ಹೋಗುವಾಗ, ಉಪ್ಪುನೀರಿನ ಗಾಜಿನ ತೊಟ್ಟಿಯೊಂದನ್ನು ಇವನಿಗೆ ಒಪ್ಪಿಸಿ ಹೋದರು. ಒಳಗಿದ್ದದ್ದು ಹೆಬ್ಬೆರಳುದ್ದದ ಒಂದೇ ಮೀನು, ಕಿತ್ತಳೆ ಬಣ್ಣ, ಬಿಳಿ ಪಟ್ಟೆ. ವಾರಕ್ಕೊಮ್ಮೆ ಐದು ಲೀಟರು ಹಳೆ ನೀರು ತೆಗೆದು, ಪ್ಯಾಕೆಟ್ಟಿನ ಸಮುದ್ರದುಪ್ಪು ಕದಡಿದ ಹೊಸ ನೀರು ತುಂಬಬೇಕು. ಹೊಸ ನೀರಿನಲ್ಲಿ ಗಾಜಿನ ಕಡ್ಡಿಯೊಂದನ್ನು ತೇಲಿಬಿಟ್ಟರೆ ಅದು ಇಪ್ಪತ್ತೈದಕ್ಕೇ ನಿಲ್ಲಬೇಕು. ಹೆಚ್ಚುಕಮ್ಮಿಯಾದರೆ ಮೀನಿನ ಕಥೆ ಮುಗಿಯಿತು. ಆ ಕಡ್ಡಿಯನ್ನು ಚಿಕ್ಕರಾಜು ಮೊದಲ ವಾರವೇ ಒಡೆದು, ಅಮ್ಮನ ಮೇಲೆ ಭಾರ ಹಾಕಿ ಡ್ಯೂಟಿಗೆ ಹೋದ.

ಚೂರುಗಳನ್ನು ಗುಡಿಸುವಾಗ ಪುಟ್ಟಗೌರಮ್ಮ ನೋಡಿದಳು. ಥೇಟ್ ಬೈರೇಶನ ಲ್ಯಾಕ್ಟೋಮೀಟರೇ.

ಬೆಳಗ್ಗೆ ತಣ್ಣೀರಿನಲ್ಲಿ ಉಪ್ಪು ಬೇಗ ಕರಗಲಿಲ್ಲವೆಂದು ಹಂಡೆಯ ಬಿಸಿನೀರು ಬಗ್ಗಿಸಿ, ಸಾರಿಗೆ ಹಾಕುವ ಕೈಯಂದಾಜಿನಲ್ಲೇ ಬೊಗಸೆ ಬೊಗಸೆ ಸುರಿದು, ತಳದಲ್ಲಿ ಒಂದು ಹರಳೂ ಉಳಿಯದಂತೆ ಕದಡಿದಳು. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಸಮುದ್ರದ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಂತಳು.

ಈ ನೀರು ಅಳೆಯಲು ಕಡ್ಡಿ ಕೊಡು ಎಂದಾಗ, ಲ್ಯಾಕ್ಟೋಮೀಟರು ಸಂಘದ ಆಸ್ತಿ, ಹೊಸ್ತಿಲು ದಾಟುವಂತಿಲ್ಲ, ಬೇಕಾದರೆ ಸಮುದ್ರವೇ ಒಳಗೆ ಬರಲಿ ಎಂದ ಬೈರೇಶ. ಮೊದಲು ಹಾಲಿಗೆ ಬಿಟ್ಟ. ಇಪ್ಪತ್ತನಾಲ್ಕು. ಕಾರ್ಡು ಕೊಡು ಎಂದು ಕೈಚಾಚಿದ. ಆಮೇಲೆ ಸಮುದ್ರಕ್ಕೆ ಬಿಟ್ಟ. ಇಪ್ಪತ್ತೈದು. ಮೂರು ತಿಂಗಳ ಅಭ್ಯಾಸ, ಬಾಯಿ ತಾನಾಗಿ ಆಡಿತು.

“ನೀರ್ ಬೆರ್ಸಿದ್ದೀಯ ಕಣಕ್ಕ.”

“ಅದು ಪೂರಾ ನೀರೇ ಕಣಪ್ಪ.”

ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರಿ ಕಾಯುವ ನರಸಯ್ಯ, ಇದು ಹಸುವಿನದೋ ಎಮ್ಮೆಯದೋ ಎಂದು ವಿಚಾರಿಸಿದ. ಪುಟ್ಟಗೌರಮ್ಮ ನಗಲಿಲ್ಲ. ಇಪ್ಪತ್ತೈದು ಬಂತು, ತೊಟ್ಟಿಗೆ ಹುಯ್ಯಲೇ ಎಂದು ಮಗನಿಗೆ ಫೋನು ಮಾಡಿದಳು. ಸಾಹೇಬರು ನೀರನ್ನು ಒಂದು ಗಂಟೆ ಹಾಗೇ ಬಿಟ್ಟು ಮತ್ತೊಮ್ಮೆ ಅಳೆಯುತ್ತಿದ್ದರು, ಯಾಕೋ ಗೊತ್ತಿಲ್ಲ ಎಂದ ಅವನು. ಕಾರ್ಡು ಹೋದರೂ ಹಾಲು ವಾಪಸು ಒಯ್ಯುವುದಿಲ್ಲವೆಂದು ಆಕೆಗೆ ಹಟ. ಹಾಲು ಕೆಡದಿರಲೆಂದು ಡೈರಿಯ ಸಿಮೆಂಟ್ ತೊಟ್ಟಿಯ ತಣ್ಣೀರಿನಲ್ಲಿ ಎರಡೂ ಕ್ಯಾನು ಇಳಿಬಿಟ್ಟು, ಪಕ್ಕದಲ್ಲೇ ಕಾವಲು ಕೂತಳು. ಈ ತಮಾಷೆ ಬಿಟ್ಟು ಯಾರು ತಾನೇ ಮನೆಗೆ ಹೋಗುತ್ತಾರೆ? ಹಾಲು ಹಾಕಿದವರೂ ಅಲ್ಲೇ ನಿಂತರು.

ಗಂಟೆ ಕಳೆದ ಮೇಲೆ ಬೈರೇಶ ಸಮುದ್ರಕ್ಕೆ ಕಡ್ಡಿ ಬಿಟ್ಟ. ಇಪ್ಪತ್ತೊಂಬತ್ತು.

ಫಸ್ಟ್ ಕ್ಲಾಸ್ ಹಾಲು ಎಂದುಬಿಟ್ಟ ಪುಣ್ಯಾತ್ಮ. ನಾಲಿಗೆ ಕಚ್ಚಿಕೊಂಡು, ಉಪ್ಪು ಈಗ ಕರಗಿರಬೇಕು ಎಂದು ತೇಪೆ ಹಚ್ಚಿದ. ಉಪ್ಪು ಆಗಲೇ ಕರಗಿತ್ತೆಂದು ಪುಟ್ಟಗೌರಮ್ಮನಿಗೆ ಗೊತ್ತಿತ್ತು. ಕ್ಯಾನು ಮುಟ್ಟಿದಳು, ತಣ್ಣಗಿತ್ತು. ಹಾಲಿನ ಕ್ಯಾನೂ ತಣ್ಣಗಿತ್ತು. ಅದನ್ನೆತ್ತಿ ಬೈರೇಶನ ಮುಂದಿಟ್ಟಳು.

“ನನ್ ಹಾಲ್ಗೂ ಒಸಿ ಬುಡು ನಿನ್ ಕಡ್ಡೀನ. ಅದಕ್ಕೇನ್ ನಾನು ಉಪ್ಪಾಕಿಲ್ಲ.”

ಇಪ್ಪತ್ತೆಂಟು. ಬೈರೇಶ ಕಡ್ಡಿಯನ್ನು ಅಂಗಿಗೆ ಒರೆಸಿ ಮತ್ತೆ ಬಿಟ್ಟ. ಇಪ್ಪತ್ತೆಂಟೇ. ದೂರದ ತೋಟದ ಮನೆಗಳ ಹಾಲು ಆರಿ ಬರುತ್ತದೆ, ಎದುರು ಮನೆಯದು ಬಿಸಿಬಿಸಿಯಾಗಿ ಬರುತ್ತದೆ, ಬಿಸಿಯಿದ್ದರೆ ಕಡ್ಡಿ ಮುಳುಗುತ್ತದೆ. ಇಷ್ಟು ತಿಳಿಯಲು ಬೈರಮಂಗಲದ ಪಕ್ಕದ ಈ ಊರಿಗೆ ಸಮುದ್ರವೇ ಬರಬೇಕಾಯಿತು.

ಬಿಸಿ ಎಂದು ಬೈರೇಶ ತೊದಲಿದ.

“ಬಿಸಿನೇ ಕಣಪ್ಪ. ಹಸ ಹೊಟ್ಟೆ ಒಳಗೆ ಫ್ರಿಜ್ ಮಡಿಕ್ಕಂಡಿಲ್ಲ.”

ಈಗ ಯಾರೂ ನಗಲಿಲ್ಲ. ನರಸಯ್ಯ ಟವೆಲ್ ಕೊಡವಿ ಹೆಗಲು ಬದಲಿಸಿದ. ಪುಟ್ಟಗೌರಮ್ಮನ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಳ್ಳುವಾಗ ಮೀನಿನ ನೆನಪಾಯಿತು. ಇಪ್ಪತ್ತೊಂಬತ್ತಕ್ಕೆ ಅದು ಬದುಕದು, ಸಮುದ್ರವನ್ನು ತೆಳ್ಳಗೆ ಮಾಡಬೇಕು. ಕುಡಿಯುವ ನೀರಿನ ಕೊಡದಿಂದ ಒಂದು ಲೋಟ ಬಗ್ಗಿಸಿ ಬೈರೇಶನ ಕೈಗೆ ಕೊಟ್ಟಳು.

ಅವನು ಹುಯ್ದು ಅಳೆದ. ಇಪ್ಪತ್ತೆಂಟು. ಮತ್ತೊಂದು ಲೋಟ ಹುಯ್ದ, ಇಪ್ಪತ್ತೇಳು. ಮೂರನೆಯದಕ್ಕೆ ಇಪ್ಪತ್ತಾರಕ್ಕೆ ಬಂದು ನಿಂತಿತು. ಜನ ಕ್ಯಾನಿನ ಸುತ್ತ ಬಗ್ಗಿ ನೋಡುತ್ತಿದ್ದರು. ಬೈರೇಶ ತಲೆಯೆತ್ತದೆ, ಸಾಕೇನಕ್ಕ ಎಂದು ಕೇಳಿದ.

“ಇನ್ನೊಂದ್ ಲೋಟ ಹುಯ್ಯಪ್ಪ” ಎಂದಳು ಪುಟ್ಟಗೌರಮ್ಮ. “ಗೌರಮ್ಮನ ಕ್ಯಾನಿಗೆ ನೀರ್ ಬೆರ್ಸೋರು ಯಾರು ಅಂತ ಊರೆಲ್ಲ ನೋಡ್ಲಿ.”