ಪ್ರಭುನಗರದ ಎಮ್ಮೆ

“ಅಲ್ಲೇ ನಿಂದ್ರು, ಸರೀಬ್ಯಾಡ. ಈಗ ನಿನ್ನ ನೋಡಿ ಹ್ಯಾಂಗ ಒದರತೈತಿ ಕೇಳು,” ಎಂದು ಈರಣ್ಣ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಹೇಳಿದ.

ಅವನ ಹೆಂಡತಿ ಚಂದ್ರವ್ವ ವಡಗಾವಿಯ ಆ ಇಕ್ಕಟ್ಟಿನ ಓಣಿಯಲ್ಲಿ, ಹಿಟ್ಟು ಮೆತ್ತಿದ ಕೈಗಳನ್ನು ಹಾಗೇ ಎತ್ತಿ ಹಿಡಿದುಕೊಂಡು ಕಾರಿನ ಹಿಂದೆ ನಿಂತಿದ್ದಳು. ಕಾರು ಮೆಲ್ಲಗೆ ಹಿಂದಕ್ಕೆ ಸರಿಯಿತು. ಒಳಗೆಲ್ಲೋ ಟಿಣ್ ಟಿಣ್ ಎಂದು ಶುರುವಾದದ್ದು, ಹತ್ತಿರ ಬಂದಂತೆ ಪುರುಸೊತ್ತಿಲ್ಲದೆ ಕಿರುಚತೊಡಗಿತು. ಎರಡೂ ಬದಿಯ ಮನೆಗಳಲ್ಲಿ ಮಗ್ಗಗಳು ದಡಬಡಿಸುತ್ತಿದ್ದರೂ ಆ ಕಿರುಚು ಎದುರುಮನೆಯ ನಿಂಗವ್ವನನ್ನು ಬಾಗಿಲಿಗೆ ಎಳೆದು ತಂದಿತು.

“ಕೇಳಿಸ್ತಿಲ್ಲೋ? ಕ್ಯಾಮೆರಾನೂ ಐತಿ. ನಿನ್ನ ಸೀರಿ ಅಂಚು ಸುದ್ದಾ ಕಾಣಾಕತ್ತೈತಿ.”

“ಛಲೋ ಆತ್ರಿ. ಆದ್ರ ನಾ ಗಾಡಿ ಹಿಂದ ನಿಂದರೂದು ಯಾವಾಗ? ರೊಟ್ಟಿ ಹೊತ್ತತಾವು, ಹೋಗ್ತೀನಿ,” ಎಂದು ಚಂದ್ರವ್ವ ಒಳಗೆ ಹೋದಳು. ಈರಣ್ಣ ಸ್ಟೇರಿಂಗ್ ಹಿಡಿದುಕೊಂಡು ಇನ್ನಷ್ಟು ಹೊತ್ತು ಹಾಗೇ ಕೂತಿದ್ದ.

ಆ ಬಿಳಿ ಕಾರಿಗೂ ಚಂದ್ರವ್ವನಿಗೂ ಆಗಿಬರದೆ ಎರಡು ವರ್ಷವಾಗಿತ್ತು. ಮಗಳು ಪೂರ್ಣಿಮಾಳನ್ನು ಖಾನಾಪುರಕ್ಕೆ ಕೊಟ್ಟ ಹೊಸದರಲ್ಲಿ ಬೀಗರು ಊಟಕ್ಕೆ ಕರೆದಿದ್ದರು. ಹೋಳಿಗೆ ಊಟ. ಬಡಿಸಿದ್ದನ್ನು ಬೇಡವೆನ್ನುವುದು ಈರಣ್ಣನ ಜಾಯಮಾನದಲ್ಲಿಲ್ಲ. “ಒಂದೀಟು ಅಡ್ಡಾಗ್ರಿ,” ಎಂದು ಬೀಗರು ಚಾಪೆ ಹಾಸಿದಾಗ ಮಾತ್ರ ಬೇಡವೆಂದ. ಬೀಗರ ಮನೆಯಲ್ಲಿ ಹಾಡಹಗಲೇ ಕಾಲು ಚಾಚಿ ಮಲಗಿದರೆ ಹೆಣ್ಣಿನ ತಂದೆಯ ಮರ್ಯಾದೆ ಏನಾಗಬೇಕು? ತಿರುಗಿ ಬರುವಾಗ ಪ್ರಭುನಗರದ ಹತ್ತಿರ ಚಂದ್ರವ್ವ ಹೊರಳಿ ನೋಡಿದರೆ ಗಂಡನ ಗದ್ದ ಎದೆಗೆ ಹತ್ತಿತ್ತು, ಕಣ್ಣು ಮುಚ್ಚಿದ್ದವು. ಅವಳು ಚೀರುವುದಕ್ಕೂ ಕಾರು ರಸ್ತೆ ಬಿಟ್ಟಿಳಿದು ತಗ್ಗಿಗೆ ಮೂಗು ತೂರುವುದಕ್ಕೂ ಸರಿಹೋಯಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ಅವಳ ಎಡಗೈ ಮಣಿಕಟ್ಟು ಮುರಿಯಿತು.

ಜನ ಕೂಡಿದರು. ಏನಾಯಿತೆಂದು ಯಾರೋ ಕೇಳಿದ್ದಕ್ಕೆ ಈರಣ್ಣ, “ಎಮ್ಮಿ ಅಡ್ಡ ಬಂತ್ರಿ,” ಎಂದುಬಿಟ್ಟ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ಅವನು. ಅಂದಿನಿಂದ ಆ ಎಮ್ಮೆ ಕಂಡವರ ಕಿವಿಯಲ್ಲೆಲ್ಲ ಮೇಯ್ದು ಬೆಳೆಯಿತು. ದವಾಖಾನೆಯಲ್ಲಿ ಅದು ಸಾಧಾರಣ ಎಮ್ಮೆಯಾಗಿತ್ತು. ಓಣಿಗೆ ಬರುವಷ್ಟರಲ್ಲಿ ಅದಕ್ಕೆ ಮೊಳದುದ್ದ ಕೊಂಬು ಬಂದಿದ್ದವು. ದೀಪಾವಳಿಗೆ ಬಂದ ಅಳಿಯನಿಗೆ ಹೇಳುವಾಗ ಅದರ ಹಿಂದೆ ಇನ್ನೊಂದು ಎಮ್ಮೆಯೂ ಬರುತ್ತಿತ್ತು.

ಚಂದ್ರವ್ವ ನಾಲ್ಕು ಜನರ ಮುಂದೆ ಗಂಡನ ಮಾತು ತೆಗೆದುಹಾಕಲಿಲ್ಲ. ಒಂದು ದಿನ ಅಡಿಗೆಮನೆಯಲ್ಲಿ ಇಬ್ಬರೇ ಇದ್ದಾಗ, “ನಿಮಗ ನಿದ್ದಿ ಹತ್ತಿತ್ತಲ್ರಿ?” ಎಂದು ಮೆಲ್ಲಗೆ ಕೇಳಿದಳು. ಅವನು ಅರ್ಧ ಊಟ ಬಿಟ್ಟು ಎದ್ದುಹೋದ. ಮತ್ತೆ ಅವಳು ಕೇಳಲಿಲ್ಲ. ಕಾರನ್ನೂ ಹತ್ತಲಿಲ್ಲ. ಯಾಕೆಂದು ಯಾರಾದರೂ ವಿಚಾರಿಸಿದರೆ, “ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಐತಿ, ಸುಮ್ನ ಎಣ್ಣಿ ಯಾಕ ಸುಡಬೇಕ್ರಿ,” ಎನ್ನುತ್ತಿದ್ದಳು. ಅವನಿಗೊಂದು ಎಮ್ಮೆ, ಇವಳಿಗೊಂದು ಪುಕ್ಕಟೆ ಬಸ್ಸು. ಸಂಸಾರ ಹೇಗೋ ನಡೆಯುತ್ತಿತ್ತು.

ಮುರಿದ ಕೈ ಕೂಡಿತ್ತು. ಅವಳು ಕಣ್ಣಾರೆ ಕಂಡದ್ದನ್ನು ಗಂಡ ಸುಳ್ಳು ಮಾಡಿದ್ದು ಮಾತ್ರ ಕೂಡಿರಲಿಲ್ಲ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು ಅವಳಿಗೆ. ತಪ್ಪೇ ಆಗಿಲ್ಲ ಎನ್ನುವ ಮನುಷ್ಯ ನಾಳೆ ಅದೇ ತಪ್ಪನ್ನು ಮಾಡುವುದಿಲ್ಲ ಎಂದು ಹೇಗೆ ನಂಬುವುದು?

ಈಗ ಪೂರ್ಣಿಮಾಳಿಗೆ ಏಳು ತಿಂಗಳು ತುಂಬಿತ್ತು. ಬರುವ ರವಿವಾರ ಖಾನಾಪುರದಲ್ಲಿ ಅವಳ ಸೀಮಂತ, ಕುಬಸದ ಕಾರ್ಯ. ತವರಿನವರು ಹಸಿರು ಸೀರೆ, ಕುಬಸ, ಬಳೆ, ಬುತ್ತಿ ಒಯ್ದು ಮಡಿಲು ತುಂಬಿ, ಚೊಚ್ಚಲ ಬಸುರಿಯನ್ನು ಹೆರಿಗೆಗೆಂದು ಕರೆದುಕೊಂಡು ಬರಬೇಕು. ಚಂದ್ರವ್ವ ಯಾರನ್ನೂ ಕೇಳದೆ, ಬಾಡಿಗೆ ಗಾಡಿ ಓಡಿಸುವ ಸಿದ್ದಪ್ಪನಿಗೆ ಹೇಳಿಬಿಟ್ಟಿದ್ದಳು. ಆ ಸುದ್ದಿ ಕಿವಿಗೆ ಬಿದ್ದ ದಿನದಿಂದ ಈರಣ್ಣನ ಕಾರು ಉದ್ಯಮಬಾಗದ ಹಾದಿ ಹಿಡಿದಿತ್ತು. ಅಲ್ಲಿ ಇಶ್ತಿಯಾಕ ಎಂಬವನ ಗ್ಯಾರೇಜು. ಹಳೆಯ ಗಾಡಿಗಳಿಗೆ ಹೊಸ ಕಣ್ಣು, ಕಿವಿ ಕೂಡಿಸುವುದು ಅವನ ಕೆಲಸ. ಹಿಂದಿನ ಕ್ಯಾಮೆರಾ ಆಯಿತು. ಬಾಜು ಗಾಡಿ ಬಂದರೆ ಕನ್ನಡಿಯಲ್ಲಿ ಮಿನುಗುವ ದೀಪ ಆಯಿತು. ಮುಂದಿನ ಗಾಡಿಗೆ ತೀರ ಹತ್ತಿರ ಹೋದರೆ, ರಸ್ತೆಯ ಬಿಳಿ ಗೆರೆ ದಾಟಿದರೆ ಎಚ್ಚರಿಸುವ ಇನ್ನೊಂದು ಕ್ಯಾಮೆರಾ ಗಾಜಿಗೆ ಅಂಟಿತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಚಂದ್ರವ್ವ ಮನಸ್ಸಿನಲ್ಲೇ ಅಂದುಕೊಂಡಳು.

ಓಣಿಯಲ್ಲಿ ಕಾರು ಒದರಿಸಿ ತೋರಿಸಿದ ದಿನ ರಾತ್ರಿ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ.

“ಮಗಳನ್ನ ಕರಕೊಂಡ ಬರಾಕ ಬಾಡಗಿ ಗಾಡಿ ಒಯ್ದರ ಬೀಗರ ಮುಂದ ನಾ ಹ್ಯಾಂಗ ಮಾರಿ ತೋರಸ್ಲಿ? ಮನ್ಯಾಗ ಗಾಡಿ ಇಲ್ಲೇನು?”

“ಐತಿ.”

“ಮತ್ತ? ಈಗಂತೂ ಎಲ್ಲಾ ಕಡಿ ಒದರತೈತಿ.”

“ಎಮ್ಮಿ ಬಂದ್ರೂ ಒದರತೈತೇನ್ರಿ?”

ಈರಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಎಮ್ಮಿ, ಕ್ವಾಣ, ಏನ ಬಂದ್ರೂ ಒದರತೈತಿ,” ಎಂದ. ಆದರೆ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

“ಆಕಿ ಹೊಟ್ಟ್ಯಾಗ ಕೂಸ ಐತ್ರಿ,” ಎಂದಷ್ಟೇ ಹೇಳಿ ಚಂದ್ರವ್ವ ಪಲ್ಯ ಬಡಿಸಿದಳು. ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಉಣ್ಣುವವನನ್ನು ಮತ್ತೆ ಎಬ್ಬಿಸುವುದು ಬೇಡವೆಂದು ನುಂಗಿಕೊಂಡಳು.

ಶುಕ್ರವಾರ ಈರಣ್ಣ ಗಡಿಬಿಡಿಯಲ್ಲಿ ಫೋನು ಮರೆತು ಗ್ಯಾರೇಜಿಗೆ ಹೋದ. ಅವನ ಮಗ್ಗಗಳಿಗೆ ನೂಲು ಕಳಿಸುವ ಸೂರತ್ತಿನ ವ್ಯಾಪಾರಿಯದು ಒಂದೇ ಸಮನೆ ಕರೆ. ಹೇಗೂ ಹಸಿರು ಬಳೆ ತರಲು ಪೇಟೆಗೆ ಹೊರಟಿದ್ದ ಚಂದ್ರವ್ವ, ಫೋನು ಕೊಟ್ಟು ಹೋದರಾಯಿತೆಂದು ಉದ್ಯಮಬಾಗದ ಬಸ್ಸು ಹತ್ತಿದಳು. ಫೌಂಡ್ರಿಯ ಸುಟ್ಟ ಉಸುಕಿನ ವಾಸನೆಯ ನಡುವೆ ಕೇಳುತ್ತ ಹೋದಾಗ ಗ್ಯಾರೇಜು ಸಿಕ್ಕಿತು. ಈರಣ್ಣ ಅಲ್ಲಿರಲಿಲ್ಲ. ಇಶ್ತಿಯಾಕ ಕಾರಿನೊಳಗೆ ಬಗ್ಗಿ, ಸ್ಟೇರಿಂಗಿನ ಬದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಡಬ್ಬಿಯೊಂದನ್ನು ಕೂಡಿಸುತ್ತಿದ್ದ.

“ಕಾಕಾ ಮಗ್ಗದ ಸಾಮಾನು ತರಾಕ ಹೋಗ್ಯಾರ, ಬರ್ತಾರ. ಬರ್ರಿ ಕಾಕೂ, ಛಲೋ ಟೈಮಿಗೆ ಬಂದ್ರಿ. ನನಗೊಂದು ಮಾರಿ ಬೇಕಾಗಿತ್ತು. ಇಲ್ಲಿ ಕುಂದರ್ರಿ.”

“ಡ್ರೈವರ್ ಜಾಗಾದಾಗ? ನನಗ ಗಾಡಿ ಹೊಡ್ಯಾಕ ಬರಂಗಿಲ್ಲೋ ತಮ್ಮಾ.”

“ಹೊಡೀಬ್ಯಾಡ್ರಿ. ಸುಮ್ನ ಮುಂದ ನೋಡ್ರಿ ಸಾಕು.”

ಎರಡು ವರ್ಷದ ಮೇಲೆ ಚಂದ್ರವ್ವ ಆ ಕಾರಿನೊಳಗೆ ಕೂತಳು, ಅದೂ ಗಂಡನ ಜಾಗದಲ್ಲಿ. ಡಬ್ಬಿಯೊಳಗೆ ಸಣ್ಣ ಕೆಂಪು ದೀಪ ಹೊತ್ತಿಕೊಂಡು ಅವಳನ್ನೇ ದಿಟ್ಟಿಸಿತು.

“ಈಗ ಕಣ್ಣ ಮುಚ್ಚರಿ,” ಎಂದ ಇಶ್ತಿಯಾಕ.

ಅವಳು ಮುಚ್ಚಿದಳು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಡಬ್ಬಿ ಕರ್ಕಶವಾಗಿ ಅರಚಿಕೊಂಡಿತು. ಅವಳು ಬೆಚ್ಚಿ ಕಣ್ಣು ಬಿಟ್ಟಳು. ಅರಚುವುದು ನಿಂತಿತು.

“ಬರೋಬ್ಬರಿ ಐತಿ,” ಎಂದು ಇಶ್ತಿಯಾಕ ನಕ್ಕ. “ಭಾಳ ಹೊತ್ತು ಬಾಜು ನೋಡಿದ್ರೂ ಹಿಂಗ ಒದರತೈತ್ರಿ.”

“ಎಮ್ಮಿ ಬಂದ್ರ?”

“ಎಮ್ಮಿ? ಇಲ್ರಿ ಕಾಕೂ, ಇದಕ್ಕ ಹೊರಗಿಂದು ಏನೂ ಕಾಣಂಗಿಲ್ಲ. ಇದು ಹಾದಿ ನೋಡಂಗಿಲ್ಲ, ಡ್ರೈವರನ ಕಣ್ಣಷ್ಟ ನೋಡತೈತಿ. ನಿದ್ದಿ ಬಂದ್ರ ಎಬ್ಬಸ್ತೈತಿ. ಲಾರಿಯವ್ರು ಹಾಕಸ್ತಾರ. ಮನಿ ಗಾಡಿಗೆ ಯಾಕ್ರಿ ಇದು, ದಂಡ ಅಂತ ನಾ ಕಾಕಾಗ ಹೇಳಿದ್ನಿ. ಕೇಳಲಿಲ್ಲ. ಖರೇ ಬೇಕಾಗಿದ್ದು ಇದೊಂದ, ಮೊದಲ ಹಾಕಿಸಿದ್ದೆಲ್ಲಾ ಶೋಕಿ ಅಂದ್ರು.”

ಚಂದ್ರವ್ವ ಆ ಕೆಂಪು ದೀಪವನ್ನು ನೋಡುತ್ತ ಕೂತುಬಿಟ್ಟಳು. ಎರಡು ವರ್ಷ ಗಂಡನ ಬಾಯಿಂದ ಬಾರದ ಮಾತು ಇಷ್ಟು ಸಣ್ಣ ಡಬ್ಬಿಯಲ್ಲಿ ಬಂದು ಕೂತಿತ್ತು. ಅವಳಿಗೆ ನಗು ಬಂತು, ಬಾಯಿಗೆ ಸೆರಗು ಒತ್ತಿಕೊಂಡಳು.

“ಯಾಕ್ರಿ ಕಾಕೂ, ದನಿ ಹೆಚ್ಚಾತೇನು? ಕಡಿಮಿ ಮಾಡ್ಲಿ?”

“ಬ್ಯಾಡಪಾ, ಇರಲಿ. ಅವರಿಗೆ ಜೋರಾಗೇ ಬೇಕು.”

ಅಷ್ಟರಲ್ಲಿ ಈರಣ್ಣ ಸಾಮಾನಿನ ಚೀಲ ಹಿಡಿದುಕೊಂಡು ಬಂದ. ತನ್ನ ಜಾಗದಲ್ಲಿ ಹೆಂಡತಿ ಕೂತದ್ದನ್ನೂ ಅವಳ ಎದುರಿನ ಡಬ್ಬಿಯನ್ನೂ ನೋಡಿ ಅಲ್ಲೇ ನಿಂತ. ಅವನ ಕಿವಿ ಕೆಂಪಾದವು.

“ಇದು ಏನಂದ್ರ... ಆವತ್ತು ಆ ಎಮ್ಮಿ...” ಎಂದು ತಡವರಿಸಿದ.

“ಫೋನ್ ಬಿಟ್ಟ ಬಂದಿದ್ರಿ,” ಎಂದು ಚಂದ್ರವ್ವ ಇಳಿದು ಫೋನು ಕೊಟ್ಟಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. “ಸಿದ್ದಪ್ಪಗ ಬರೂದು ಬ್ಯಾಡ ಅಂತ ಹೇಳತೀನಿ. ಆದ್ರ ಒಂದ ಮಾತ. ಬೀಗರ ಮನ್ಯಾಗ ಉಂಡ ಮ್ಯಾಲ ನೀವು ಅಡ್ಡಾಗಬೇಕು. ಎದ್ದ ಮಾರಿ ತೊಳಕೊಂಡ ಮ್ಯಾಲನ ಹೊರಡೂದು.”

ಈರಣ್ಣ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ಆತು,” ಎಂದ.

ರವಿವಾರ ಖಾನಾಪುರದ ಬೀಗರ ಪಡಸಾಲೆಯಲ್ಲಿ ಹೆಂಗಸರು ಪೂರ್ಣಿಮಾಳನ್ನು ಮಣೆಯ ಮೇಲೆ ಕೂರಿಸಿ ಆರತಿ ಬೆಳಗಿದರು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ, ಮುಖದ ತುಂಬ ನಾಚಿಕೆ. ಚಂದ್ರವ್ವನಿಗೆ ಕಣ್ಣು ತುಂಬಿದವು. ಊಟಕ್ಕೆ ಮತ್ತೆ ಹೋಳಿಗೆ. ಬೀಗರಾದ ಬಸವಪ್ರಸಾದರು ಚೇಷ್ಟೆಯ ಮನುಷ್ಯ. ಬಟ್ಟಲು ಹಿಡಿದು ತುಪ್ಪ ಬಡಿಸುತ್ತ ಬಂದವರು ಪಂಕ್ತಿಗೆಲ್ಲ ಕೇಳುವಂತೆ, “ಈರಣ್ಣಾರ, ನಮ್ಮ ಕಾಕಾ ಅವರಿಗೆ ಆ ಎಮ್ಮಿ ಕಥಿ ಗೊತ್ತಿಲ್ಲ, ಒಮ್ಮಿ ಹೇಳ್ರಿ,” ಎಂದರು.

ಪಂಕ್ತಿಯಲ್ಲಿ ಕೂತವರೆಲ್ಲ ಈರಣ್ಣನ ಕಡೆ ತಿರುಗಿದರು. ಬಡಿಸುತ್ತಿದ್ದ ಚಂದ್ರವ್ವ ಸೌಟು ಹಿಡಿದುಕೊಂಡು ನಿಂತಳು.

“ಕಥಿ ಏನ್ ಬಂತ್ರಿ,” ಎಂದ ಈರಣ್ಣ ಎಲೆ ನೋಡುತ್ತ. “ಎಮ್ಮಿ ಏನ್ ಅಂಥಾ ದೊಡ್ಡದಿರಲಿಲ್ಲ. ಇನ್ನೂ ಹಾಲ ಕುಡಿಯೂ ಕರಾ ಇತ್ತು.”

“ದೀಪಾವಳ್ಯಾಗ ಎರಡಿದ್ವಲ್ರಿ ಮಾಮಾ,” ಎಂದ ಅಳಿಯ.

“ಒಂದ. ಸಣ್ಣ ಕರಾ,” ಎಂದು ಈರಣ್ಣ ಇನ್ನೊಂದು ತುತ್ತು ನುಂಗಿದ. ಆಮೇಲೆ ತಲೆ ಎತ್ತಿ, “ಬೀಗ್ರ, ಊಟ ಆದ ಮ್ಯಾಲ ನನಗೊಂದು ಚಾಪಿ ಕೊಡ್ರಿ. ಹೋಳಿಗಿ ಉಂಡ್ರ ನನಗ ಕಣ್ಣ ನಿಂದರಂಗಿಲ್ಲ,” ಎಂದ.

ಯಾರೂ ನಗಲಿಲ್ಲ. ಮರ್ಯಾದೆಯೂ ಹೋಗಲಿಲ್ಲ. ಬಸವಪ್ರಸಾದರು ಚಾಪೆಯ ಜೊತೆ ತಲೆದಿಂಬನ್ನೂ ಕಳಿಸಿದರು. ಈರಣ್ಣ ಪಡಸಾಲೆಯ ಮೂಲೆಯಲ್ಲಿ ಗೊರಕೆ ಹೊಡೆದು ಮಲಗಿದ. ಹೆಂಗಸರು ಅವನನ್ನು ಸುತ್ತಿಕೊಂಡು ಓಡಾಡಿ ಬುತ್ತಿ ಕಟ್ಟಿದರು.

ಹೊತ್ತು ಇಳಿಯುವಾಗ ಹೊರಟರು. ಪೂರ್ಣಿಮಾ ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ ಕಾಲು ಮಡಚಿ ಕೂತಳು. ಚಂದ್ರವ್ವ ಮುಂದೆ, ಗಂಡನ ಮಗ್ಗುಲಲ್ಲಿ, ಬಾಗಿಲಿನ ಮೇಲಿನ ಹಿಡಿಕೆಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಗಣೇಬೈಲ್ ಟೋಲ್ ದಾಟಿತು. ಈರಣ್ಣ ಮಾತಿಲ್ಲದೆ, ಅವಸರವಿಲ್ಲದೆ ಓಡಿಸುತ್ತಿದ್ದ. ಕೆಂಪು ದೀಪ ಅವನ ಕಣ್ಣುಗಳನ್ನು ಕಾಯುತ್ತಿತ್ತು. ಚಂದ್ರವ್ವನೂ ಕಾಯುತ್ತಿದ್ದಳು.

ಪ್ರಭುನಗರ ಬಂತು. ರಸ್ತೆಯ ಬದಿಗೆ ಅದೇ ತಗ್ಗು, ಈಗ ತುಂಬ ಹುಲ್ಲು ಬೆಳೆದಿತ್ತು.

“ಅಪ್ಪಾ, ಆ ಕರಾ ಅಡ್ಡ ಬಂದಿದ್ದು ಇಲ್ಲೇ ಹೌದಿಲ್ಲೋ?” ಎಂದಳು ಪೂರ್ಣಿಮಾ ಹಿಂದಿನಿಂದ.

ಈರಣ್ಣ ಕಾರಿನ ವೇಗ ತುಸು ಇಳಿಸಿದ. ಆ ತಗ್ಗು ಹಿಂದೆ ಸರಿಯಿತು.

“ಕರಾನೂ ಇರಲಿಲ್ಲವ್ವಾ,” ಎಂದ ಕೊನೆಗೆ. “ನನಗ ನಿದ್ದಿ ಹತ್ತಿತ್ತು. ನಿಮ್ಮವ್ವ ಚೀರಿದ್ಲು, ಅದಕ್ಕ ಉಳಿದ್ವಿ.”

ಚಂದ್ರವ್ವ ಕಿಟಕಿಯ ಕಡೆ ಮುಖ ಮಾಡಿದಳು. ಹೊಲಗಳು ಮಂಜುಮಂಜಾಗಿ ಓಡತೊಡಗಿದವು. ಸೆರಗಿನಿಂದ ಕಣ್ಣೊರೆಸಿಕೊಂಡ ಮೇಲೂ ಅವು ನೆಟ್ಟಗೆ ಕಾಣಲಿಲ್ಲ. ನಸುಕಿಗೆ ಎದ್ದು ಬುತ್ತಿ ಮಾಡಿದ ಮೈ, ಜೊತೆಗೆ ಸಂಜೆಯ ಗಾಳಿ. ದೇಸೂರು ದಾಟಿದ್ದು ಅವಳಿಗೆ ಅರೆಬರೆ ಗೊತ್ತಾಯಿತು. ಮಚ್ಛೆ ಬಂದದ್ದು ಗೊತ್ತಾಗಲಿಲ್ಲ.

ಡಬ್ಬಿ ಒಮ್ಮೆಲೇ ಅರಚಿಕೊಂಡಿತು.

“ಏನಾತ್ರಿ?” ಚಂದ್ರವ್ವ ಅರ್ಧ ಎಚ್ಚರದಲ್ಲಿ ಕೇಳಿದಳು.

“ಏನಿಲ್ಲ. ನೀ ಮಕ್ಕೊಂಡಿದ್ದಿ. ನೋಡಾಕತ್ತಿದ್ನಿ,” ಎಂದ ಈರಣ್ಣ.

“ಹಾದಿ ನೋಡ್ರಿ,” ಎಂದು ಅವಳು ಕಣ್ಣು ತೆರೆಯದೆ ಹೇಳಿದಳು. ಹಿಡಿಕೆಯಿಂದ ಯಾವಾಗಲೋ ಜಾರಿದ್ದ ಅವಳ ಎಡಗೈ ಮಡಿಲಲ್ಲಿ ಸಡಿಲಾಗಿ ಬಿದ್ದಿತ್ತು. ಅದನ್ನು ಮತ್ತೆ ಎತ್ತದೆ, ತಲೆಯನ್ನಷ್ಟೇ ಸರಿಮಾಡಿಕೊಂಡು ಅವಳು ನಿದ್ದೆ ಮುಂದುವರಿಸಿದಳು.