ಬಾಣಂತಿ ತೋಳದ ಪಾಲು

ಮಸಗುಪ್ಪಿಯ ಗುಡ್ಡಕ್ಕೆ ತೋಳಗಳು ಮರಳಿ ಬಂದು ಎರಡು ವರ್ಷವಾಗಿತ್ತು. ಅವುಗಳ ಹೆಜ್ಜೆಯನ್ನು ಮೊದಲು ಗುರುತಿಸಿದವನು ನನ್ನ ಗಂಡ ಸೋಮಶೇಖರ. ಅರಣ್ಯ ಇಲಾಖೆಗಾಗಿ ತೋಳ ಎಣಿಸುವ ಕೆಲಸ ಅವನದು. ಹೋದ ವರ್ಷ ಗೋಕಾಕ ರಸ್ತೆಯಲ್ಲಿ ಬೈಕ್ ಅಪಘಾತದಲ್ಲಿ ಅವನು ತೀರಿಕೊಂಡ ಮೇಲೆ ಕೆಲಸ ನನಗೆ ಬಂತು. ನಾನೂ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವಳೇ.

ಈ ಜನವರಿಯಲ್ಲಿ ಹೆಣ್ಣು ತೋಳ ಬಂಡೆಯ ಕೆಳಗಿನ ಗವಿಯಲ್ಲಿ ಈಯಿತು. ಅದು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಪಕ್ಕದ ಗವಿಗೆ ಸಾಗಿಸಿದ್ದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ನಾಲ್ಕು.

ಹದಿನೈದನೆಯ ದಿನ, ಗುರುವಾರ ಬೆಳಿಗ್ಗೆ, ಆ ತಾಯಿ ಹಳ್ಳದ ದಂಡೆಯಲ್ಲಿ ಸತ್ತು ಬಿದ್ದಿತ್ತು. ಬಾಯಲ್ಲಿ ನೊರೆ. ಸ್ವಲ್ಪ ಮೇಲೆ ಅರ್ಧ ತಿಂದ ಕುರಿ. ಗುರುತಿಗೆಂದು ಸೀಳಿದ ಅದರ ಕಿವಿ ನೋಡಿ ಯಾರ ಕುರಿಯೆಂದು ತಿಳಿಯಿತು.

ಕುರಿಗಾರ ಬೀರಸಿದ್ದಪ್ಪನ ಹಟ್ಟಿ ಗುಡ್ಡದ ಬುಡದಲ್ಲೇ ಇದೆ. ನಾನು ಕೇಳುವ ಮೊದಲೇ ಅವನು ನಕ್ಕ.

“ಬರ್ರಿ ಅಕ್ಕಾರ. ನಿಮ್ಮ ಬಾಣಂತಿ ಉಂಡಳೇನು?”

ತೋಳ ಈದ ಸುದ್ದಿ ತಿಳಿದರೆ ಅವರ ಮನೆತನದಲ್ಲಿ ಸತ್ತ ಕುರಿಯನ್ನು ಹೂಳುವುದಿಲ್ಲ, ಗುಡ್ಡಕ್ಕೆ ಎಳೆದು ಬಿಟ್ಟು ಬರುತ್ತಾರೆ. ಬಾಣಂತಿ ದೂರ ಬೇಟೆಗೆ ಹೋಗಬಾರದೆಂದು. ಆ ಪಾಲಿಗೆ ಬಾಯಿ ಹಾಕದಂತೆ ಎರಡು ದಿನ ನಾಯಿಗಳನ್ನೂ ಕಟ್ಟಿ ಹಾಕಿದ್ದ.

“ತೋಳ ಸತ್ತೈತ್ರಿ ಕಾಕಾ. ಆ ಕುರಿ ಹೆಂಗ ಸತ್ತಿತ್ರಿ?”

“ಹೊಟ್ಟಿ ಉಬ್ಬಿತ್ತರಿ. ಮಂಗಳವಾರ ಉಣ್ಣಿ ಔಷಧ ಹಾಕಿ ಎಲ್ಲಾನೂ ತೊಳದ್ವಿ. ಸಂಜಿಗೆ ಇದೊಂದು...” ಅಲ್ಲಿಗೆ ನಿಂತ.

ಅವನ ಹೆಂಡತಿ ಸಾವಂತ್ರೆವ್ವ ಒಲೆಯ ಮುಂದಿನಿಂದ ಎದ್ದು ಬಂದಳು. “ತೊಳದ ನೀರು ಬಾನ್ಯಾಗ ಹಂಗ ಬಿಡಬ್ಯಾಡ, ಕುರಿ ಕುಡೀತಾವ ಅಂತ ಎಷ್ಟ್ ಸಲ ಬಡ್ಕೊಂಡೆ? ಬಾಣಂತಿಗೆ ಉಣ್ಣಾಕ ಕೊಟ್ಟ ದೊಡ್ಡ ಮನಷ್ಯಾ!”

ಅವನು ರುಮಾಲು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ.

ನಾನು ಇಲಾಖೆಯ ಕಚೇರಿಗೆ ಫೋನ್ ಮಾಡಿದೆ. ಲಿಖಿತ ಆದೇಶ ಬರುವವರೆಗೆ ಮರಿಗಳನ್ನು ಮುಟ್ಟಬಾರದು, ಗಂಡು ತೋಳ ಸಾಕಬಹುದು ಎಂದರು. ಮರಿಗಳಿಗೆ ಇನ್ನೂ ಹಲ್ಲು ಬಂದಿಲ್ಲ, ಹಾಲು ಬಿಟ್ಟು ಬೇರೇನೂ ತಿನ್ನಲಾರವು ಎಂದೆ. ಬರೆದು ಕಳಿಸಿ ಎಂದರು. ಬರೆದು ಕಳಿಸಿದೆ.

ಮಧ್ಯಾಹ್ನ ಬೀರಸಿದ್ದಪ್ಪ ಹಾಲು ಹಿಂಡುವ ಆಡನ್ನು ಹಗ್ಗ ಹಿಡಿದು ಗವಿಯ ಹತ್ತಿರ ತಂದ.

“ತಾಯಿ ಸತ್ತ ಕುರಿಮರಿ ಎಷ್ಟೋ ಸಾಕೀನ್ರಿ. ಇವಕ್ಕೇನು ಬ್ಯಾರೆ ಹಾಲು ಬೇಕಾ? ಹೂಂ ಅನ್ರಿ.”

“ಬ್ಯಾಡ್ರಿ ಕಾಕಾ. ಮುಟ್ಟಿದ್ರ ನಿಮ್ಮ ಮ್ಯಾಲ ಕೇಸ್ ಆಕ್ಕೈತಿ.”

“ಕೊಂದದ್ದಕ್ಕ ಆಗಲಿಲ್ಲ, ಹಾಲು ಕೊಟ್ರ ಆಕ್ಕೈತಾ?”

ಅವನು ಆಡನ್ನು ಎಳೆದುಕೊಂಡು ಇಳಿದ.

ಶುಕ್ರವಾರ ಗಂಡು ತೋಳ ಮೂರು ಸಲ ಬಂತು. ಗವಿಯ ಬಾಯಲ್ಲಿ ಮಾಂಸ ಕಕ್ಕಿ ದೂರ ನಿಲ್ಲುತ್ತಿತ್ತು. ಮರಿಗಳು ತೆವಳುತ್ತ ಹೊರಗೆ ಬಂದು ಮಾಂಸದ ಮೇಲೆ ಹತ್ತಿ ಇಳಿದವು, ಅದರಲ್ಲೇ ಮೂತಿಯಿಟ್ಟು ಮೊಲೆ ಹುಡುಕಿದವು. ಗಂಡು ಮತ್ತೆ ಹೋಗಿ ಮತ್ತಷ್ಟು ತಂತು. ಶನಿವಾರ ಎರಡೇ ಮರಿ ಹೊರಗೆ ಬಂದವು. ಕಚೇರಿಯಲ್ಲಿ ಯಾರೂ ಫೋನ್ ಎತ್ತಲಿಲ್ಲ.

ಆದೇಶ ಸೋಮವಾರ ಹನ್ನೊಂದು ಗಂಟೆಗೆ ಬಂತು. ಬೀರಸಿದ್ದಪ್ಪ ಚೊಂಬಿನಲ್ಲಿ ಬೆಚ್ಚಗಿನ ಹಾಲು ಹಿಡಿದುಕೊಂಡು ನನ್ನ ಜೊತೆ ಬಂದ. ಗವಿಯೊಳಗೆ ಭುಜದವರೆಗೆ ಕೈ ಚಾಚಿದ. ಒಂದೊಂದಾಗಿ ನಾಲ್ಕನ್ನೂ ತೆಗೆದು ಕಂಬಳಿಯ ಮೇಲೆ ಸಾಲಾಗಿ ಇಟ್ಟ. ಕೊನೆಯದರ ಎದೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತ.

“ಅವತ್ತ ಹಾಲು ಹಾಕಿದ್ರ ಬದಕ್ತಿದ್ದುವೇನ್ರಿ, ಅಕ್ಕಾರ?”

“ಗೊತ್ತಿಲ್ಲ ಕಾಕಾ” ಅಂದೆ.

ಅವನು ನನ್ನ ಮುಖ ನೋಡಿದ. ಮತ್ತೆ ಕೇಳಲಿಲ್ಲ.