ಖಾಲಿ ಹಾಳೆಯ ಸಹಿ

ದರ್ಜಿಯಮ್ಮನ ಮೈಯೆಲ್ಲ ಸಿಟ್ಟಿನಿಂದ ಉರಿಯುತ್ತಿತ್ತು. ಬೀದಿಯ ನಲ್ಲಿಯನ್ನು ಕಿತ್ತು ಹದಿನೈದು ದಿನವಾಗಿತ್ತು. ಅವಳು ಹೊಲಿಗೆ ಬಿಟ್ಟು ಏಳುವಷ್ಟರಲ್ಲಿ ಮಂಡಿ ನೋವಿನ ಅತ್ತೆ ಮುಖ್ಯರಸ್ತೆಯಿಂದ ಕೊಡ ಹೊತ್ತು ತಂದಿರುತ್ತಿದ್ದರು. ಯಾರನ್ನು ಕೇಳಿ ಕಿತ್ತಿರಿ ಎಂದು ವಾರ್ಡ್ ಕಚೇರಿಗೆ ಹೋಗಿ ಜಗಳ ತೆಗೆದರೆ, ಗುಮಾಸ್ತ ಹಿಂದಿನ ವಾರ್ಡ್ ಸಭೆಯ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ್ದ. 'ನಲ್ಲಿ ತೆಗೆಯಲು ಸಭೆ ಒಪ್ಪಿದೆ.' ಕೆಳಗೆ ನಲವತ್ತು ಸಹಿ. ಏಳನೆಯದು ಅವಳದೇ.

ಆ ಸಭೆಯಲ್ಲಿ ನಲ್ಲಿಯ ಮಾತೇ ಬಂದಿರಲಿಲ್ಲ. ಅಲ್ಲಿನ ರೂಢಿಯೇ ಹಾಗೆ: ಬಾಗಿಲಲ್ಲಿ ಖಾಲಿ ಹಾಳೆಗೆ ಸಹಿ, ಒಳಗೆ ಚಹಾ, ತೀರ್ಮಾನ ಬರೆಯುವುದು ಎಲ್ಲರೂ ಮನೆ ಸೇರಿದ ಮೇಲೆ. ಗುಮಾಸ್ತನ ಮೇಲೆ ಬಂದಷ್ಟೇ ಸಿಟ್ಟು ಅವಳಿಗೆ ತನ್ನ ಮೇಲೂ ಬಂತು. ಅಳತೆ ಬರೆದುಕೊಳ್ಳದೆ ಒಂದು ಅಂಗಿಗೂ ಕತ್ತರಿ ಹಾಕದವಳು ಇಡೀ ಬೀದಿಯ ನೀರಿಗೆ ಕಣ್ಣು ಮುಚ್ಚಿ ಸಹಿ ಹಾಕಿದ್ದಳು.

ಇವತ್ತು ಮತ್ತೆ ಸಭೆ. ಬಾಗಿಲಲ್ಲಿ ಅದೇ ಮೇಜು, ಅದೇ ಪುಸ್ತಕ.

"ಹಾಕಕ್ಕ, ಹಿಂದೆ ಸಾಲಿದೆ," ಅಂದ ಗುಮಾಸ್ತ.

"ಏನೂ ಬರೆದಿಲ್ವಲ್ಲಪ್ಪ, ಯಾವುದಕ್ಕೆ ಹಾಕ್ಲಿ?"

"ಬರೀ ಹಾಜರಿ ಕಣಕ್ಕ."

"ಹೋದ್ಸಲಾನೂ ಹಾಜರಿನೇ. ಅದಕ್ಕೇ ನಲ್ಲಿ ಹೋಯ್ತು. ಈ ಸಲ ಏನು, ಬೀದಿ ದೀಪಾನಾ?"

ಹಿಂದಿದ್ದ ಪಕ್ಕದ ಮನೆಯ ಆಟೋದವನು ಕಿಸಕ್ಕನೆ ನಕ್ಕ. ಅವಳು ಗರಕ್ಕನೆ ತಿರುಗಿದಳು. "ನಗ್ತೀಯಲ್ಲಣ್ಣ, ನಿನ್ನ ಸಹಿ ಒಂಬತ್ತನೇದು. ನೋಡ್ಕೊಂಡೇ ಬಂದಿದೀನಿ."

ಅವನು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಸಾಲಿನಲ್ಲಿ ಗುಸುಗುಸು ಎದ್ದಿತು. ಒಬ್ಬರೂ ಮುಂದೆ ಬರಲಿಲ್ಲ.

ಒಳಗಿನಿಂದ ವಾರ್ಡ್ ಸದಸ್ಯರು ಬಂದರು. ನಲವತ್ತು ಸಹಿಯಿಲ್ಲದೆ ಸಭೆ ಸಭೆಯಲ್ಲ ಎಂಬುದು ಅವರಿಗೂ ಗೊತ್ತು. "ಏನಮ್ಮ ನಿನ್ನ ರಗಳೆ?"

"ರಗಳೆ ಅಲ್ಲ ಸ್ವಾಮಿ. ನಲ್ಲಿ ವಾಪಸ್ ಹಾಕ್ಸೋ ಮಾತು ಮೊದಲು ಆಗ್ಲಿ. ಕೈ ಎತ್ತಿಸಿ, ನಮ್ಮ ಮುಂದೇನೇ ಬರೆಸಿ. ಆಮೇಲೆ ಸಹಿ."

ಕೈಗಳೆದ್ದವು. ಕೊನೆಗೆ ಸದಸ್ಯರದೂ ಅರ್ಧ ಎದ್ದಿತು. ಗುಮಾಸ್ತ ಹಲ್ಲು ಕಚ್ಚಿಕೊಂಡು ಬರೆದ: ಹತ್ತು ದಿನದೊಳಗೆ ನಲ್ಲಿಯನ್ನು ಮರಳಿ ಹಾಕತಕ್ಕದ್ದು. ಅವಳು ಗಟ್ಟಿಯಾಗಿ ಓದಿ, ಆ ಸಾಲಿಗೆ ಅಂಟಿಸಿದ ಹಾಗೆ, ನಡುವೆ ಒಂದಕ್ಷರಕ್ಕೂ ಜಾಗ ಬಿಡದೆ ಸಹಿ ಹಾಕಿದಳು. ಆಟೋದವನೂ ಹಾಗೆಯೇ ಒತ್ತಿ ಹಾಕಿದ.

"ಇದರ ನಕಲು ಕೊಡು."

"ಎರಡು ದಿನ ಬಿಟ್ಟು ಬನ್ನಿ ಅಕ್ಕ."

ಅವಳು ಅವನ ಕುರ್ಚಿಯನ್ನೇ ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತಳು.

"ನಿಂತ್ಕೊಂಡೇ ಬರಿ. ನಮ್ಮತ್ತೆ ಹದಿನೈದು ದಿನ ಕೊಡ ಹೊತ್ತಿದಾರೆ. ಒಂದು ಹಾಳೆ ಬರೆದ್ರೆ ನಿನ್ನ ಕೈಯೇನೂ ಬಿದ್ದೋಗಲ್ಲ."